ಯಾರದೋ ಪಂಚೆ

2025 ಜುಲೈ 23, ಬುಧವಾರ

ರಾತ್ರಿಯಿಡೀ ಮಳೆ. ಅಡುಗೆಮನೆ ಮೂಲೆ ಮತ್ತೆ ಸೋರುತ್ತಿದೆ. ಬಾಲ್ದಿ ಇಟ್ಟೆ. ಸದ್ದಿಗೆ ಅಮ್ಮ ಎದ್ದು ಕೂತಳು.

"ಅಪ್ಪಯ್ಯ ಬಂದ್ರಾ?"

ಹೋದ ವರ್ಷದ ತನಕ ತಿದ್ದುತ್ತಿದ್ದೆ. ಈಗ "ಬತ್ರ್, ಮನಿಕೋ" ಅಂದುಬಿಡುತ್ತೇನೆ. ಅವಳು ಮಲಗುತ್ತಾಳೆ. ನನಗೆ ನಿದ್ದೆ ಬರುವುದಿಲ್ಲ.

ಜುಲೈ 24, ಗುರುವಾರ

ಆಸಾಡಿ ಅಮಾಸಿ. ಇಲ್ಲಿಯವರಿಗೆ ಗಟಾರಿ, ಶ್ರಾವಣಕ್ಕೆ ಮೊದಲು ಮಾಂಸ ತಿನ್ನುವ ಕೊನೆಯ ದಿನ. ಗುರುವಾರ ತಿನ್ನದವರೆಲ್ಲ ನಿನ್ನೆಯೇ ಮಟನ್ ಅಂಗಡಿ ಮುಂದೆ ಸಾಲು ನಿಂತಿದ್ದರು. ಅಮ್ಮನಿಗೆ ಬೆಳಿಗ್ಗೆಯಿಂದ ಹಾಲೆ ಮರದ ಕಷಾಯದ್ದೇ ಗುಂಗು. ಸೂರ್ಯ ಹುಟ್ಟುವ ಮೊದಲು ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯಬೇಕು, ಕತ್ತಿ ಮುಟ್ಟಿಸಬಾರದು. ಉಲ್ಹಾಸನಗರದ ಕ್ಯಾಂಪ್ ನಾಲ್ಕರಲ್ಲಿ ಹಾಲೆ ಮರಕ್ಕೆ ಎಲ್ಲಿಗೆ ಹೋಗಲಿ? ಮೆಂತೆ ಗಂಜಿ ಮಾಡಿದೆ. ಒಂದು ಬಟ್ಟಲು ಕುಡಿದಳು.

ಆಮೇಲೆ ಅವಳ ಬಾಯಲ್ಲಿ ಮರವಂತೆಯ ಜಾತ್ರೆ ಶುರುವಾಯಿತು. ಮದುವೆಯಾದ ವರ್ಷ ಅಪ್ಪನೂ ಅವಳೂ ಸಮುದ್ರದಲ್ಲಿ ಮುಳುಗೆದ್ದು, ರಸ್ತೆ ದಾಟಿ, ಸೌಪರ್ಣಿಕೆಯಲ್ಲಿ ಮುಳುಗಿ, ವರಾಹಸ್ವಾಮಿ ದೇವಸ್ಥಾನಕ್ಕೆ ಹೋದದ್ದು. ಅಲೆ ಹೊಡೆದು ಅಪ್ಪ ಬಿದ್ದದ್ದು. ಅಲ್ಲಿ ಅವಳಿಗೆ ಒಂದೂ ಮರೆತಿಲ್ಲ. ಮಧ್ಯಾಹ್ನ ಮಾತ್ರೆ ತೆಗೆದುಕೊಂಡದ್ದು ಮರೆತಿದೆ.

ಜುಲೈ 26, ಶನಿವಾರ

ಟಿವಿಯಲ್ಲಿ ಬೆಳಿಗ್ಗೆಯಿಂದ ಅದೇ. 2005ರ ಮಳೆಗೆ ಇಪ್ಪತ್ತು ವರ್ಷ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್. ಮೀಠಿ ನದಿ, ಕುರ್ಲಾ, ಕಾಲಿನಾ. ಉಲ್ಹಾಸ್ ನದಿ, ವಾಲಧುನಿ, ಕಲ್ಯಾಣ, ಬದ್ಲಾಪುರ ಇವೆಲ್ಲ ಒಂದೇ ಸಾಲಿನಲ್ಲಿ ಮುಗಿದವು. ಮುಂಬಯಿಯ ಮಳೆಗೆ ನಾವು ಯಾವಾಗಲೂ ಅಡಿಟಿಪ್ಪಣಿ.

ಅಮ್ಮ ಟಿವಿ ನೋಡುತ್ತಾ ಹೇಳಿದಳು: "ಆ ಮನೆಯವ್ರ ಪಂಚೆ ಕೊಟ್ ಬಾ."

ಅಪ್ಪ ಆಗ ದಾದರಿನ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದ. ಮಂಗಳವಾರ ಮಧ್ಯಾಹ್ನ ಲೋಕಲ್ ನಿಂತಿತು. ಹಳಿ ಹಿಡಿದು ನಡೆದ. ರಾತ್ರಿ ಯಾರೋ ಮನೆಯೊಳಗೆ ಕರೆದು ಚಹಾ ಕೊಟ್ಟು, ಒದ್ದೆ ಪ್ಯಾಂಟು ಬಿಚ್ಚಿಸಿ ಪಂಚೆ ಕೊಟ್ಟರು. ಮರುದಿನ ಸಂಜೆ ಅದನ್ನೇ ಉಟ್ಟು ಬಂದ. ಹಸಿರು ಅಂಚು. ಆ ಮನೆ ವಿಕ್ರೋಳಿಯಲ್ಲಿ ಅಂತ ಒಮ್ಮೆ ಹೇಳಿದ, ಭಾಂಡುಪ್ ಅಂತ ಇನ್ನೊಮ್ಮೆ. ಹೆಸರು ಕೇಳಿಕೊಂಡಿರಲಿಲ್ಲ.

ಈ ಕಥೆ ನಮ್ಮ ಮನೆಗೆ ಬಂದವರಿಗೆಲ್ಲ ಗೊತ್ತು.

ಜುಲೈ 29, ಮಂಗಳವಾರ

ನಾಗರ ಪಂಚಮಿ. ಪಾತೋಳಿಗೆ ಅರಸಿನ ಎಲೆ ಸಿಗಲಿಲ್ಲ. ಸ್ಟೇಷನ್ ಹೊರಗೆ ಆದಿವಾಸಿ ಹೆಂಗಸೊಬ್ಬಳು ಟಾಕಳಾ ಸೊಪ್ಪು ಹರವಿಕೊಂಡು ಕೂತಿದ್ದಳು. ನಮ್ಮ ತಗಟೆ ಸೊಪ್ಪೇ. ಎರಡು ಕಟ್ಟು ತಂದು ಪಲ್ಯ ಮಾಡಿದೆ. ಅಮ್ಮ ಮೂಸಿ ನೋಡಿ "ಮಳಿಗಾಲ" ಅಂದಳು. ಬೇರೇನೂ ಹೇಳಲಿಲ್ಲ. ಪೂರ್ತಿ ಉಂಡಳು.

ಖುಷಿಯ ದಿನ.

ಆಗಸ್ಟ್ 3, ಭಾನುವಾರ

ಪಕ್ಕದ ಸಿಂಧಿ ಆಂಟಿ ಬಂದಿದ್ದರು. ಚಾಲೀಹೋ ವ್ರತ ನಡೆಯುತ್ತಿದೆ, ನಲವತ್ತು ದಿನ. ಝೂಲೇಲಾಲ್ ನೀರಿನ ದೇವರು, ಮೀನಿನ ಮೇಲೆ ಕೂತವನು. ಅಮ್ಮನನ್ನು "ಅದೀ", ಅಂದರೆ ಅಕ್ಕ, ಅಂತಾರೆ. ಇಬ್ಬರಿಗೂ ಪೂರ್ತಿ ಅರ್ಥವಾಗುವ ಭಾಷೆ ಒಂದೂ ಇಲ್ಲ, ಮಾತು ಮಾತ್ರ ನಿಲ್ಲುವುದಿಲ್ಲ.

ಅವರ ಅತ್ತೆ ಸಿಂಧಿನಿಂದ ಬಂದಾಗ ಇದು ಕಲ್ಯಾಣ್ ಕ್ಯಾಂಪ್. ಯುದ್ಧಕಾಲದ ಸೈನಿಕರ ಬ್ಯಾರಕ್‌ಗಳು. ಉಲ್ಹಾಸನಗರ ಅಂತ ಹೆಸರಾದದ್ದು 1949ರಲ್ಲಿ, ರಾಜಾಜಿ ಬಂದಾಗ. ಮಳೆಯೇ ಅಪರೂಪದ ಊರಿನಿಂದ ಬಂದವರು ಮೊದಲ ಜೂನ್‌ನಲ್ಲಿ ಹೆದರಿದರಂತೆ. ಇದು ಯಾವಾಗ ನಿಲ್ಲುತ್ತದೆ ಅಂತ ಕೇಳಿದರೆ ಇಲ್ಲಿನವರು ಸೆಪ್ಟೆಂಬರ್ ಅಂದರಂತೆ. ಆಂಟಿ ಬಿದ್ದು ಬಿದ್ದು ನಕ್ಕರು. ಅಮ್ಮನೂ ನಕ್ಕಳು, ಅರ್ಥವಾಗದೆ.

ಹೋಗುವಾಗ ನನ್ನ ಕಡೆ ತಿರುಗಿ, "ನೀನು ಆ ಹೊಳೆ ದಾಟಿ ಬಂದವಳು" ಅಂದರು. ನಾನು ಚಹಾ ಲೋಟ ಎತ್ತಿಕೊಂಡು ಒಳಗೆ ಹೋದೆ.

ಅವರಿಗೆ ನೆನಪಿದೆ.

ಆಗಸ್ಟ್ 4, ರಾತ್ರಿ

ಬರೆದುಬಿಡುತ್ತೇನೆ. 2005ರಲ್ಲಿ ನಾನು ಕಲ್ಯಾಣದಲ್ಲಿ ಕಾಲೇಜಿನಲ್ಲಿದ್ದೆ. ಆ ಸಂಜೆ ರಿಕ್ಷಾ ಇಲ್ಲ, ಬಸ್ಸಿಲ್ಲ. ವಿಠ್ಠಲವಾಡಿ ಕಡೆಗೆ ಹಳಿ ಮೇಲೆ ಜನ ಹೊರಟಿದ್ದರು. ಸೇರಿಕೊಂಡೆ. ವಾಲಧುನಿ ಅಂದರೆ ಬೇರೆ ದಿನ ಮೂಗು ಮುಚ್ಚಿಕೊಂಡು ದಾಟುವ ಗಟಾರ. ಅವತ್ತು ವಾಸನೆಯೇ ಇರಲಿಲ್ಲ, ಅಷ್ಟು ನೀರು. ಸೇತುವೆ ಮೇಲೆ ಒಬ್ಬ ಹೆಂಗಸು ನನ್ನ ಮಣಿಕಟ್ಟು ಹಿಡಿದಳು. ಹಸಿರು ಬಳೆ. ಮುಖ ನೆನಪಿಲ್ಲ. ಆಚೆ ಬಂದ ಮೇಲೂ ಸ್ವಲ್ಪ ದೂರ ಬಿಡಲಿಲ್ಲ.

ಮನೆ ಮುಟ್ಟಿದಾಗ ಕರೆಂಟ್ ಇರಲಿಲ್ಲ. ಅಮ್ಮ ಬಾಗಿಲಲ್ಲೇ ಇದ್ದಳು. "ಅಪ್ಪಯ್ಯ ಇನ್ನೂ ಬರ್ಲಿಲ್ಲ" ಅಂದಳು. ಬಟ್ಟೆ ಬದಲಿಸಿ ನಾನೂ ಬಾಗಿಲಲ್ಲಿ ನಿಂತೆ.

ಅಷ್ಟೇ. ಅದರಲ್ಲಿ ಹೇಳುವಂಥದ್ದೇನು? ಎಷ್ಟೋ ಜನ ಸತ್ತರು ಆ ದಿನ. ನಾನು ಒದ್ದೆಯಾದೆ.

ಬಳೆ ಹಸಿರೋ, ಅಥವಾ ಪಂಚೆಯ ಅಂಚು ನೋಡಿ ನೋಡಿ ಹಸಿರಾಯಿತೋ.

ಆಗಸ್ಟ್ 11

ಬಿಸಿಲು. ಹಾಸಿಗೆ ಒಣಹಾಕಿದೆ. ಟ್ರಂಕಿನಲ್ಲಿ ಪಂಚೆ ಹುಡುಕಿದೆ. ಇಲ್ಲ.

ಆಗಸ್ಟ್ 19, ಮಂಗಳವಾರ

ನಿನ್ನೆಯಿಂದ ಹುಚ್ಚು ಮಳೆ. ಠಾಣೆಯಿಂದ ಸಿಎಸ್‌ಎಂಟಿಗೆ ಲೋಕಲ್ ಬಂದ್. ನಾನು ಆಫೀಸಿಗೆ ಹೊರಡಲೇ ಇಲ್ಲ. ಅಣ್ಣ ಬೆಳಿಗ್ಗೆ ಡೊಂಬಿವಲಿಯಿಂದ ಹೋದವನು ಘಾಟ್ಕೋಪರಿನಲ್ಲಿ ಸಿಕ್ಕಿಬಿದ್ದ.

ಅಮ್ಮನಿಗೆ ಹೇಳಬಾರದಿತ್ತೇನೋ. ಹೇಳಿದ ಕೂಡಲೇ ಎಲ್ಲ ಸರಿಯಾಯಿತು ಅವಳಿಗೆ. ಯಾರ ಜೊತೆ ಇದ್ದಾನೆ, ಉಂಡನಾ, ಫೋನಿಗೆ ಚಾರ್ಜ್ ಇದೆಯಾ. ಅತ್ತಿಗೆಗೆ ನನ್ನಿಂದ ಫೋನ್ ಮಾಡಿಸಿ, ಮಕ್ಕಳನ್ನು ಹೊರಗೆ ಬಿಡಬೇಡ ಅಂದಳು. ಹೆಸರು ಒಂದೂ ತಪ್ಪಲಿಲ್ಲ. ಇಷ್ಟು ಚುರುಕಾದ ಅಮ್ಮನನ್ನು ನೋಡಿ ತಿಂಗಳುಗಳಾಗಿದ್ದವು.

ಅವಳ ಪಕ್ಕದಲ್ಲೇ ಕೂತಿದ್ದೆ. ಹೊಟ್ಟೆ ಉರಿಯಿತು. ಈ ವಯಸ್ಸಿನಲ್ಲಿ.

ಆಗಸ್ಟ್ 20, ಬುಧವಾರ

ಅಣ್ಣ ರಾತ್ರಿಯೇ ಹೇಗೋ ಮನೆ ಸೇರಿದ್ದ. ಇವತ್ತು ಬಂದ. ಸ್ನೇಹಿತನ ಟೀ ಶರ್ಟ್ ಹಾಕಿಕೊಂಡೇ ಬಂದಿದ್ದ, ಬೇಕಂತಲೇ, ಅಮ್ಮನನ್ನು ನಗಿಸಲು. ಅಮ್ಮ ನಗಲಿಲ್ಲ. "ಪಂಚೆ ಎಲ್ಲಿ?" ಅಂದಳು.

ಪಂಚೆಯಲ್ಲ, ಅದು ಲುಂಗಿ, ನೀಲಿ ಚೌಕಳಿ ಅಂತ ಅಣ್ಣನ ವಾದ. ಆಗ ಹನ್ನೆರಡನೇ ಕ್ಲಾಸ್ ಮುಗಿಸಿದ್ದ ನನಗಿಂತ ಅವನು ದೊಡ್ಡವನು, ನೆನಪು ತಪ್ಪಲು ಕಾರಣವಿಲ್ಲ. ನಾನು ಹಸಿರು ಅಂಚು ಅಂದೆ. ಅರ್ಧ ಗಂಟೆ ಜಗಳ. ಅಮ್ಮ ಅವನ ಪರ.

ಚಹಾ ಕುಡಿಯುತ್ತಾ ಕೇಳಿದ: "ನೀನು ಅವತ್ತು ಮನೇಲೇ ಇದ್ದೆ ಅಲ್ವಾ?"

ಹೂಂ ಅಂದೆ. ಯಾಕೆ ಹಾಗಂದೆನೋ.