11ನೇ ಕಾಲಂ, 10 ರೂಪಾಯಿ ಅರ್ಜಿ

ಡೈರಿ ಹತ್ರ ಸಿಕ್ಕೋರೆಲ್ಲ ಕೇಳ್ತಿದಾರೆ, ಆ ಮಾಹಿತಿ ಹಕ್ಕಿನ ಅರ್ಜಿ ಹೆಂಗೆ ಹಾಕಿದೆ, ಏನು ಬಂತು ಅಂತ. ಒಬ್ಬೊಬ್ಬರಿಗೆ ಹೇಳೋ ಬದಲು ಒಂದೇ ಸಲ ಬರೀತೀನಿ. ಸ್ವಲ್ಪ ಉದ್ದ ಇದೆ, ಹಾಲು ಹಾಕಿ ಬಂದು ನಿಧಾನಕ್ಕೆ ಓದಿ.

ನಮ್ಮದು 1 ಎಕರೆ 6 ಗುಂಟೆ. ಒಂದು ರಸ್ತೆ ಯೋಜನೆಗೆ ಸೇರಿದೆ ಅಂತ ಪಹಣಿಯ 11ನೇ ಕಾಲಂನಲ್ಲಿ ಎಂಟ್ರಿ ಕೂತು ಎಷ್ಟೋ ವರ್ಷ ಆಯ್ತು. ಎಷ್ಟು ಗುಂಟೆ ಹೋಗುತ್ತೆ ಅಂತ ಅದರಲ್ಲಿಲ್ಲ, ಬರೀ ಸರ್ವೆ ನಂಬರ್ ಇದೆ. ಆ ಒಂದು ಸಾಲಿನಿಂದ ಬೆಳೆ ಸಾಲ ಇಲ್ಲ, ಅಣ್ಣತಮ್ಮಂದಿರ ವಿಭಾಗ ಇಲ್ಲ. ಬೋರ್ ಕೊರೆಸೋಕೂ ಕೈ ಬರಲ್ಲ, ನಾಳೆ ಯಾರೋ ಬಂದು ಕಲ್ಲು ನೆಟ್ಟರೆ ಆ ದುಡ್ಡು ಮಣ್ಣುಪಾಲು. ಕಚೇರಿಗೆ ಹೋದರೆ (ಹೆಸರು ಬೇಡ, ನಾಳೆ ನಾನು ಅಲ್ಲಿಗೇ ಹೋಗಬೇಕು) ‘ಫೈಲ್ ನೋಡ್ಬೇಕು ಯಜಮಾನ್ರೆ, ಮುಂದಿನ ವಾರ ಬನ್ನಿ’ ಅನ್ನೋರು. ಆ ಗುಮಾಸ್ತ ವರ್ಗ ಆಗಿ ಇನ್ನೊಬ್ಬ ಬಂದ, ಅವನದೂ ಅದೇ ಮಾತು. ಕೊನೆಗೆ ಹೊರಗಡೆ ಟೀ ಅಂಗಡಿ ಹತ್ರ ಒಬ್ಬ ಬ್ರೋಕರ್, ‘ನಿಮ್ಮ ಫೈಲ್ ಎಲ್ಲಿದೆ ಅಂತ ನನಗೆ ಗೊತ್ತು, 20,000 ಆಗುತ್ತೆ’ ಅಂದ. ನನ್ನ ಜಮೀನಿನ ಫೈಲ್ ಎಲ್ಲಿದೆ ಅಂತ ಬ್ರೋಕರ್‌ಗೆ ಗೊತ್ತು, ನನಗೆ ಗೊತ್ತಿಲ್ಲ!

ಇದು ನನ್ನೊಬ್ಬನ ಕತೆ ಅಲ್ಲ ಅಂತ ನಮ್ಮ ಕಡೆಯೋರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಶಿವರಾಮ ಕಾರಂತ ಬಡಾವಣೆ ನೋಡಿ. 2008ರ ಡಿಸೆಂಬರ್ 30ಕ್ಕೆ ಬಿಡಿಎ ಪ್ರಾಥಮಿಕ ಅಧಿಸೂಚನೆ, 17 ಹಳ್ಳಿ, 3,546 ಎಕರೆ 12 ಗುಂಟೆ. ಮಧ್ಯದಲ್ಲಿ ಹೈಕೋರ್ಟಲ್ಲಿ ರದ್ದಾಯ್ತು. 2018ರ ಆಗಸ್ಟ್ 3ಕ್ಕೆ ಸುಪ್ರೀಂ ಕೋರ್ಟ್ ಮುಂದುವರಿಸಿ ಅಂತು, ಅದೇ ಅಕ್ಟೋಬರ್ 30ಕ್ಕೆ ಅಂತಿಮ ಅಧಿಸೂಚನೆ ಬಂತು. ಹತ್ತು ವರ್ಷ ಮೇಡಿ ಅಗ್ರಹಾರ, ಸೋಮಶೆಟ್ಟಿಹಳ್ಳಿ, ಬ್ಯಾಲಕೆರೆ ಕಡೆ ಜನ ಭೂಮಿ ತಮ್ಮದೋ ಅಲ್ಲವೋ ಗೊತ್ತಿಲ್ಲದೆ ರಾಗಿ ಬಿತ್ತಿದರು. ಭೂಮಿ ಹೋಗೋದು ಒಂದು ನೋವು. ಹೋಗುತ್ತೋ ಇಲ್ಲವೋ ಅಂತ ಗೊತ್ತಾಗದೆ ಇರೋದು ಅದಕ್ಕಿಂತ ಕೆಟ್ಟದ್ದು ಅಂತ ನನಗನ್ನಿಸುತ್ತೆ.

ಈಗ ಅರ್ಜಿ ವಿಷಯ. ನಮ್ಮೂರ ಹಿರಿಯರೊಬ್ಬರು ಇದೇ ತರದ ಎಂಟ್ರಿಗೆ ಮುಂಚೆಯೇ ಅರ್ಜಿ ಹಾಕಿದ್ದರು. ಎರಡು ಪುಟ, ಕಣ್ಣಲ್ಲಿ ನೀರು ಬರೋ ಹಂಗೆ ಬರೆದಿದ್ದರು. ‘ನನ್ನ ಜಮೀನು ಯಾಕೆ ಸೇರಿಸಿದ್ದೀರಿ, ಯಾವಾಗ ಬಿಡುತ್ತೀರಿ?’ ಅಂತ. ಉತ್ತರ ಒಂದು ಸಾಲು: ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ. ಅವರಿಗೆ ಸಿಟ್ಟು ಬಂತು, ಬರಲೇಬೇಕು. ಆದರೆ ಕಾಯ್ದೆ ಇರೋದು ಹಂಗೆ. 2011ರಲ್ಲಿ ಸುಪ್ರೀಂ ಕೋರ್ಟು ಸಿಬಿಎಸ್‌ಇ ಕೇಸಲ್ಲಿ ಹೇಳಿದೆ. ಒಬ್ಬ ವಿದ್ಯಾರ್ಥಿ ತನ್ನ ಉತ್ತರ ಪತ್ರಿಕೆ ತೋರಿಸಿ ಅಂದಿದ್ದ. ತೋರಿಸಲೇಬೇಕು ಅಂತು ಕೋರ್ಟು. ಅದೇ ತೀರ್ಪಲ್ಲಿ, ಕಚೇರೀಲಿ ಇರೋ ದಾಖಲೆ ಕೊಡಬೇಕು, ಇಲ್ಲದ್ದನ್ನ ಹೊಸದಾಗಿ ತಯಾರು ಮಾಡಿ ಕೊಡಬೇಕಾಗಿಲ್ಲ ಅಂತಾನೂ ಹೇಳಿತು. ಅಂದರೆ ‘ಯಾಕೆ’ ಅಂತ ಕೇಳಬಾರದು, ‘ಯಾಕೆ’ ಅನ್ನೋದು ಯಾವ ಕಾಗದದಲ್ಲಿ ಬರೆದಿದೆಯೋ ಆ ಕಾಗದ ಕೇಳಬೇಕು.

ನಾನು ಕೇಳಿದ್ದು ನಾಲ್ಕೇ. ಅಧಿಸೂಚನೆಯಲ್ಲಿ ನಮ್ಮ ಸರ್ವೆ ನಂಬರ್ ಇರೋ ಪುಟದ ಪ್ರತಿ. ಜಂಟಿ ಅಳತೆ ವರದಿ ಮತ್ತು ನಕ್ಷೆಯ ಪ್ರತಿ. ಐತೀರ್ಪು ಆಗಿದ್ದರೆ ಅದರ ಪ್ರತಿ. ಆಮೇಲೆ ಫೈಲಿನ ಟಿಪ್ಪಣಿ ಹಾಳೆಗಳ ಪ್ರತಿ. ಇದು ಸರ್ವೆ ಟಿಪ್ಪಣಿ ಅಲ್ಲ, ಅಧಿಕಾರಿಗಳು ಒಬ್ಬರಿಗೊಬ್ಬರು ಬರೆದುಕೊಂಡಿರೋ ನೋಟ್ ಶೀಟು. ಅಸಲಿ ಮಾತೆಲ್ಲ ಇರೋದು ಅಲ್ಲೇ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು. 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಪೋಸ್ಟಲ್ಲಿ ಕಳಿಸಿದೆ. ಯಾಕೆ ಬೇಕು ಅಂತ ಕಾರಣ ಬರೆಯಬೇಕಾಗಿಲ್ಲ, 6(2)ನೇ ಕಲಂನಲ್ಲೇ ಇದೆ. ನಾನೂ ಬರೆಯಲಿಲ್ಲ. ಅಂದಹಾಗೆ ಪಹಣಿ, ಮ್ಯುಟೇಶನ್, ಸರ್ವೆ ನಕ್ಷೆಗೆಲ್ಲ ಈ ಅರ್ಜಿ ಹಾಕಬೇಡಿ, ಅವು ದುಡ್ಡು ಕಟ್ಟಿದರೆ ನೇರವಾಗಿ ಸಿಗುತ್ತವೆ.

30 ದಿನ ಆಯ್ತು, ಸದ್ದಿಲ್ಲ. 40ನೇ ದಿನ ಕಾಗದ ಬಂತು: ಜಂಟಿ ಅಳತೆ ವರದಿಯಲ್ಲಿ ಬೇರೆ ಖಾತೆದಾರರ ಹೆಸರಿದೆ, ವೈಯಕ್ತಿಕ ಮಾಹಿತಿ, 8(1)(ಜೆ) ಪ್ರಕಾರ ಕೊಡಲಾಗುವುದಿಲ್ಲ. ಉಳಿದ 23 ಪುಟಕ್ಕೆ 46 ರೂಪಾಯಿ ಕಟ್ಟಿ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಮುಂದೆ ಎಲ್ಲರಿಗೂ ಎದುರಾಗೋ ಗೋಡೆ ಇದೇ. ವೈಯಕ್ತಿಕ ಮಾಹಿತಿ ಅಂತ ತಡೆಯೋದು ಹಳೇದು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ ಆ ಕಲಂ ಅನ್ನೇ ಬದಲಾಯಿಸಿ ಇನ್ನೂ ಬಿಗಿ ಮಾಡಿತು. ಮುಂಚೆ, ಶಾಸನಸಭೆಗೆ ಇಲ್ಲ ಅನ್ನೋಕಾಗದ ಮಾಹಿತಿಯನ್ನ ಜನಸಾಮಾನ್ಯರಿಗೂ ಇಲ್ಲ ಅನ್ನಬಾರದು ಅಂತ ಒಂದು ಮಾತಿತ್ತು, ಅದನ್ನ ತೆಗೆದುಹಾಕಿದರು. ನನಗಂತೂ ಇದು ಸರಿ ಕಾಣಲ್ಲ. ಪಕ್ಕದವನ ಕಾಯಿಲೆ, ಬ್ಯಾಂಕ್ ಪುಸ್ತಕ ನನಗೆ ಬೇಡ. ಆದರೆ ಸರ್ಕಾರಿ ದುಡ್ಡಲ್ಲಿ ಯಾರ ಹೊಲಕ್ಕೆ ಕೃಷಿ ಹೊಂಡ ಆಯ್ತು ಅನ್ನೋದು ಗುಟ್ಟಾ? ಸಬ್ಸಿಡಿ ಫಲಾನುಭವಿಗಳ ವಿವರ ಯಾರೂ ಕೇಳದೇನೇ ಪ್ರಕಟ ಮಾಡಬೇಕು ಅಂತ 4ನೇ ಕಲಂನಲ್ಲೇ ಇದೆ. ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಅನ್ನೋ 8(2) ಕೂಡ ಇನ್ನೂ ಇದೆ.

ನನ್ನ ವಿಷಯದಲ್ಲಿ ಅಷ್ಟು ದೂರ ಹೋಗಬೇಕಾಗಿರಲಿಲ್ಲ. ನಾನು ಕೇಳಿದ್ದು ನನ್ನದು. ನನ್ನ ಹೆಸರು, ನನ್ನ ಜಮೀನು, ನನ್ನಿಂದಲೇ ಯಾಕೆ ಬಚ್ಚಿಡೋದು? ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಿದೆ. ಉತ್ತರ ಬಂದ 30 ದಿನದೊಳಗೆ ಹಾಕಬೇಕು, ನೆನಪಿಡಿ. ಪಹಣಿ ಪ್ರತಿ ಲಗತ್ತಿಸಿ ಮೂರೇ ಮಾತು ಬರೆದೆ. ಇದು ನನ್ನದೇ ಮಾಹಿತಿ. ಬೇರೆಯವರ ಹೆಸರು ಕೊಡೋ ಹಂಗಿಲ್ಲ ಅಂದರೆ 10ನೇ ಕಲಂ ಪ್ರಕಾರ ಅವರ ಹೆಸರಿಗೆ ಕಪ್ಪು ಬಳಿದು ನನ್ನದು ಕೊಡಿ. 30 ದಿನ ದಾಟಿದ್ದರಿಂದ 7(6)ರ ಪ್ರಕಾರ ಪ್ರತಿಗಳು ಉಚಿತ.

ಕರೆದರು, ಹೋದೆ. ಮೇಲಧಿಕಾರಿ ಹೆಣ್ಣುಮಗಳು, ಮರ್ಯಾದೆಯಾಗಿ ಕೂರಿಸಿ ಕೇಳಿದರು. ‘ಇವರದ್ದು ಇವರಿಗೆ ಕೊಡೋಕೆ ಏನ್ರೀ ಕಷ್ಟ?’ ಅಂತ ಗುಮಾಸ್ತನ ಕಡೆ ತಿರುಗಿ ಅಂದರು. ಕೊಡದಿದ್ದರೆ 90 ದಿನದೊಳಗೆ ಎರಡನೇ ಮೇಲ್ಮನವಿ ಹಾಕೋಣ, ದೇವರಾಜ ಅರಸು ರಸ್ತೆಯ ಮಾಹಿತಿ ಸೌಧಕ್ಕೆ ಹೋಗೋಣ ಅಂತ ಮನಸ್ಸಲ್ಲಿ ತಯಾರಾಗಿದ್ದೆ. ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿ, 25,000ದವರೆಗೆ ದಂಡ ಹಾಕೋ ಅಧಿಕಾರ ಇರೋದು ಅಲ್ಲಿ. ಬೇಕಾಗಲಿಲ್ಲ. ಹತ್ತು ದಿನಕ್ಕೆ ಲಕೋಟೆ ಬಂತು. 46 ರೂಪಾಯಿ ಕೇಳಲಿಲ್ಲ.

ಮಗಳು ನಕ್ಷೆ ಬಿಡಿಸಿ ಓದಿದಳು. ರಸ್ತೆ ಗೆರೆ ಹಾದಿರೋದು ಮೂಡಲ ಕಡೆ ಹಳ್ಳದ ಅಂಚಲ್ಲಿ. ನಮ್ಮದರಲ್ಲಿ ಹೋಗೋದು 4 ಗುಂಟೆ. ಉಳಿದ 42 ಗುಂಟೆಗೂ ಯೋಜನೆಗೂ ಸಂಬಂಧ ಇಲ್ಲ. ಐತೀರ್ಪು ಆಗೇ ಇಲ್ಲ. ನೋಟ್ ಶೀಟಲ್ಲಿ, ‘ವಿಸ್ತೀರ್ಣ ನಮೂದಿಸಿ ಪಹಣಿ ತಿದ್ದುಪಡಿಗೆ ಪತ್ರ ಬರೆಯುವುದು’ ಅಂತ ಯಾರೋ ಪುಣ್ಯಾತ್ಮ ಹಿಂದೆಯೇ ಬರೆದು ಸಹಿ ಹಾಕಿದ್ದಾನೆ. ಆ ಪತ್ರ ಹೋಗಿಲ್ಲ ಅಷ್ಟೆ. ನನ್ನವಳು ಏನೂ ಮಾತಾಡಲಿಲ್ಲ, ಎದ್ದು ಹೋಗಿ ಹಸುಗೆ ಹುಲ್ಲು ಹಾಕಿದಳು. ಎಷ್ಟು ವರ್ಷ ಆ ಹೊಲಕ್ಕೆ ಗೊಬ್ಬರ ಹೊಡೆಯೋಕೂ ಹಿಂದೆ ಮುಂದೆ ನೋಡಿದ್ವಿ ಅಂತ ಅವಳಿಗೆ ಗೊತ್ತು.

ಆ ಹಾಳೆ ಲಗತ್ತಿಸಿ 11ನೇ ಕಾಲಂ ತಿದ್ದುಪಡಿಗೆ ತಾಲ್ಲೂಕು ಕಚೇರೀಲಿ ಅರ್ಜಿ ಕೊಟ್ಟಿದೀನಿ, ಸ್ವೀಕೃತಿ ತಗೊಂಡಿದೀನಿ. ಇನ್ನೂ ಆಗಿಲ್ಲ. ನಮ್ಮ ಸರ್ವೆ ನಂಬರಲ್ಲೇ ಇನ್ನೂ ಮೂರು ಮನೆಯವರಿದ್ದಾರೆ. ಅವರ ಅರ್ಜಿಗಳನ್ನ ಭಾನುವಾರ ನಮ್ಮ ಜಗುಲಿ ಮೇಲೆ ಕೂತು ಬರೀತೀವಿ. ಇಂಥ ಎಂಟ್ರಿ ಇರೋ ಬೇರೆಯವರೂ ಬನ್ನಿ. ಹೊಸ ಪಹಣಿ ಒಂದು, 10 ರೂಪಾಯಿ ಪೋಸ್ಟಲ್ ಆರ್ಡರ್ ಒಂದು ತನ್ನಿ. ಬ್ರೋಕರ್ ಕೊಟ್ಟ ಜೆರಾಕ್ಸ್ ಬೇಡ.