ಎಪ್ಪತ್ತನಾಲ್ಕರ ಹೊಸ ಆಟಗಾರ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಶಾಲೆಯ ಹಳೆಯ ನೆನಪುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಿದ್ದಾರೆ. ಮುಳಿಹುಲ್ಲಿನ ಮಾಡು, ಮಳೆಗಾಲದಲ್ಲಿ ತೋಡು ದಾಟಿ ಬರುತ್ತಿದ್ದ ಮಕ್ಕಳು, ಮಧ್ಯಾಹ್ನದ ಗಂಜಿ ಇವೆಲ್ಲವನ್ನೂ ನನಗಿಂತ ಸೊಗಸಾಗಿ ಬರೆಯಬಲ್ಲ ಹಳೆ ವಿದ್ಯಾರ್ಥಿಗಳು ಅನೇಕರಿದ್ದಾರೆ. ಆದುದರಿಂದ ನಾನು ತುಸು ದೂರದ ಒಂದು ವಿಷಯವನ್ನು ಆಯ್ದುಕೊಂಡಿದ್ದೇನೆ. 2024ರ ಬೇಸಗೆಯಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಲ್ಲಿ ಮಗಳ ಮನೆಯಲ್ಲಿದ್ದಾಗ, ಮೇಜಿನ ಮೇಲೆ ಕಿರುಗೊಂಬೆಗಳ ಸೇನೆಯನ್ನು ನಿಲ್ಲಿಸಿ ಆಡುವ ಯುದ್ಧದಾಟದ ಒಂದು ಸ್ಥಳೀಯ ಪಂದ್ಯಾವಳಿಯಲ್ಲಿ ನಾನು ಭಾಗವಹಿಸಿದೆ. ನಮ್ಮ ಶಾಲೆಗೂ ಇದಕ್ಕೂ ಏನು ಸಂಬಂಧವೆಂದು ಓದುಗರು ಹುಬ್ಬೇರಿಸಬಹುದು. ಸಂಬಂಧವುಂಟು, ಕ್ರಮವಾಗಿ ನಿವೇದಿಸುತ್ತೇನೆ.

ಮೊದಲು ಆಟದ ಪರಿಚಯ. ಮಣೆಯ ಮೇಲೆ ಸೇನೆ ಹೂಡುವ ಕಲ್ಪನೆ ನಮಗೆ ಹೊಸತಲ್ಲ. ರಥ, ಗಜ, ತುರಗ, ಪದಾತಿಗಳ ಚತುರಂಗ ನಮ್ಮ ನೆಲದಲ್ಲಿಯೇ ಹುಟ್ಟಿದ್ದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚತುರಂಗಕ್ರೀಡೆಯ ವರ್ಣನೆಯಿದೆ. ಯುರೋಪಿನಲ್ಲಿ ಪ್ರಷ್ಯಾ ದೇಶದ ರೈಸ್‌ವಿಟ್ಸ್ ಎಂಬ ಸೇನಾಧಿಕಾರಿಯು 1824ರಲ್ಲಿ ಚೌಕಗಳ ಮಣೆಯನ್ನು ಬಿಟ್ಟು, ನಿಜವಾದ ಭೂಪಟದ ಮೇಲೆ ದಾಳ ಉರುಳಿಸಿ ಆಡುವ ಯುದ್ಧದಾಟದ ನಿಯಮಗಳನ್ನು ಪ್ರಕಟಿಸಿದನು. ಅದು ಸೇನಾಧಿಕಾರಿಗಳ ತರಬೇತಿಗೆ ಬಳಕೆಯಾಯಿತು. 1913ರಲ್ಲಿ ಎಚ್. ಜಿ. ವೆಲ್ಸ್ ಎಂಬ ಪ್ರಸಿದ್ಧ ಲೇಖಕನು ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕ ಬರೆದು ಮನೆಯಲ್ಲಿ ಆಟಿಕೆಯ ಸೈನಿಕರೊಡನೆ ಆಡುವ ಕ್ರಮವನ್ನು ತಿಳಿಸಿದನು. ನಿಜವಾದ ಯುದ್ಧಕ್ಕಿಂತ ಈ ಕಿರುಯುದ್ಧವೇ ಎಷ್ಟೋ ಮೇಲು ಎಂಬುದು ಅವನ ವಾದವಾಗಿದ್ದಿತು. ಮರುವರ್ಷವೇ ಮಹಾಯುದ್ಧ ಆರಂಭವಾಯಿತು. ಇಂದು ಅತ್ಯಂತ ಪ್ರಚಾರದಲ್ಲಿರುವ ‘ವಾರ್‌ಹ್ಯಾಮರ್’ 1983ರಲ್ಲಿಯೂ, ಭವಿಷ್ಯತ್ಕಾಲದ ಯುದ್ಧವನ್ನು ಕಲ್ಪಿಸಿಕೊಳ್ಳುವ ‘ವಾರ್‌ಹ್ಯಾಮರ್ 40,000’ 1987ರಲ್ಲಿಯೂ ಹೊರಬಂದವು. ಅದನ್ನು ತಯಾರಿಸುವ ಸಂಸ್ಥೆಯ ಕೇಂದ್ರಸ್ಥಾನ ನಾಟಿಂಗ್‌ಹ್ಯಾಮ್ ನಗರವೇ ಆಗಿರುವುದರಿಂದ ಅಲ್ಲಿನ ಹುಡುಗರಿಗೆ ಈ ಆಟದ ಗಾಳಿ ಬೇಗನೆ ತಗಲುತ್ತದೆ. ನನ್ನ ಮೊಮ್ಮಗನಿಗೂ ತಗಲಿತ್ತು.

ಹುಡುಗನಿಗೆ ಆಗ ಹದಿನಾಲ್ಕು ವರ್ಷ. ಕನ್ನಡ ಅರ್ಥವಾಗುತ್ತದೆ, ಅಡುಗೆಮನೆಯ ಮಟ್ಟಿಗೆ ಮಾತೂ ಬರುತ್ತದೆ. ಆದರೆ ಅಕ್ಷರ ಬಾರದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ನಾನು ಒಂದನೆಯ ತರಗತಿಯ ಹುಡುಗ. ಮುಂದೆ ಕನ್ನಡ ಮಾಧ್ಯಮದಲ್ಲಿಯೇ ಹತ್ತನೆಯ ತರಗತಿ ಮುಗಿಸಿ, ಕನ್ನಡ ಶಾಲೆಯಲ್ಲಿಯೇ ಅನ್ನ ಉಂಡವನು. ಮನೆಮನೆಗೆ ಹೋಗಿ ‘ಮಗುವನ್ನು ಕನ್ನಡ ಶಾಲೆಗೆ ಕಳುಹಿಸಿರಿ’ ಎಂದು ಬೇಡಿಕೊಂಡವನ ಸ್ವಂತ ಮೊಮ್ಮಗನಿಗೆ ‘ಅ ಆ ಇ ಈ’ ಬಾರದೆಂಬ ಸಂಗತಿ ನನ್ನೊಳಗೆ ಮುಳ್ಳಿನಂತೆ ಇದ್ದೇ ಇತ್ತು. ಬಲವಂತದಿಂದ ಕಲಿಸಿದ ಅಕ್ಷರ ನಿಲ್ಲದೆಂಬುದನ್ನು ಮೂವತ್ತಕ್ಕೂ ಹೆಚ್ಚು ವರ್ಷಗಳ ಅನುಭವ ನನಗೆ ತಿಳಿಸಿತ್ತು. ಆದುದರಿಂದ ಸುಮ್ಮನಿದ್ದೆ.

ಜೊತೆಗೆ ಆಡಲು ಯಾರೂ ಇಲ್ಲದ ಒಂದು ಸಂಜೆ ಅವನು ‘ಅಜ್ಜ, ನೀವು ಆಡ್ತೀರಾ?’ ಎಂದು ಕೇಳಿದನು. ನಾನು ಒಂದು ಷರತ್ತು ಹಾಕಿದೆ: ‘ನಿಯಮಗಳನ್ನು ನನಗೆ ಕನ್ನಡದಲ್ಲಿ, ನಿನ್ನ ಕೈಯಿಂದಲೇ ಬರೆದುಕೊಡಬೇಕು. ಅಕ್ಷರ ನಾನು ತೋರಿಸುತ್ತೇನೆ.’ ವ್ಯಾಪಾರ ಕುದುರಿತು. ಆ ಆಟದ ಪ್ರತಿಯೊಂದು ಸರದಿಯಲ್ಲಿ ಐದು ಹಂತಗಳು. ನಾವಿಬ್ಬರೂ ಕುಳಿತು ಅವುಗಳಿಗೆ ಆಜ್ಞೆ, ಚಲನೆ, ಗುಂಡು, ದಾಳಿ, ಕಾಳಗ ಎಂದು ಹೆಸರಿಟ್ಟೆವು. ‘ಆಜ್ಞೆ’ಯ ಒತ್ತಕ್ಷರವನ್ನು ಕಂಡು ಹುಡುಗನು ‘ಇದು ನನ್ನ ಸೈನಿಕರಿಗಿಂತ ಕಷ್ಟದ ಚಿತ್ರ’ ಎಂದು ನಕ್ಕನು. ಮೂರು ವಾರಗಳಲ್ಲಿ ಒಂದು ಪುಟದ ನಿಯಮಾವಳಿ ಸಿದ್ಧವಾಯಿತು. ಅಷ್ಟರಲ್ಲಿ ಅವನಿಗೆ ಮೂವತ್ತರಷ್ಟು ಅಕ್ಷರಗಳು ಬಂದಿದ್ದವು. ನನಗೆ ಅರ್ಧ ಆಟ ಬಂದಿತ್ತು.

ಅವನ ಸಂಘದ ಪಂದ್ಯಾವಳಿ ಒಂದು ಶನಿವಾರ ನಡೆಯಿತು. ನಾನು ಹೋದದ್ದು ನೋಡುವುದಕ್ಕೆ. ಆದರೆ ಬಂದವರು ಹದಿನೈದು ಮಂದಿ. ಒಬ್ಬರು ಪ್ರತಿ ಸುತ್ತಿನಲ್ಲಿಯೂ ಸುಮ್ಮನೆ ಕುಳಿತಿರಬೇಕಾದ ಪರಿಸ್ಥಿತಿ. ಮೊಮ್ಮಗನು ನನ್ನನ್ನು ತೋರಿಸಿ ವ್ಯವಸ್ಥಾಪಕರಲ್ಲಿ ಏನೋ ಹೇಳಿದನು. ಹೀಗೆ ನಾನು ಹದಿನಾರನೆಯವನಾದೆ. ಹುಡುಗನ ಎರಡನೆಯ ಸೇನೆ ನನ್ನ ಪಾಲಿಗೆ ಬಂದಿತು. ಚಕ್ರವ್ಯೂಹವನ್ನು ಹೊಕ್ಕ ಅಭಿಮನ್ಯುವಿಗಾದರೂ ಒಳಹೋಗುವ ದಾರಿ ಗೊತ್ತಿತ್ತು. ನನಗೆ ಅದೂ ಸರಿಯಾಗಿ ಗೊತ್ತಿರಲಿಲ್ಲ.

ಮೇಜು ಐದು ಅಡಿ ಉದ್ದ, ನಾಲ್ಕು ಅಡಿಗೆ ತುಸು ಕಡಮೆ ಅಗಲ. ಅದರ ಮೇಲೆ ಪಾಳು ಗೋಡೆಗಳು, ಗಿಡಮರಗಳು. ಒಂದಿಂಚಿಗೆ ತುಸು ಮಿಕ್ಕಿದ ಎತ್ತರದ ಸೈನಿಕರು. ಪ್ರತಿಯೊಬ್ಬ ಆಟಗಾರನಿಗೂ 1,000 ಅಂಕಗಳ ಮಿತಿ. ಒಬ್ಬೊಬ್ಬ ಯೋಧನಿಗೂ ಬೆಲೆ ಕಟ್ಟಿರುವುದರಿಂದ ಸೇನೆಗಳು ತಕ್ಕಡಿಯಲ್ಲಿ ತೂಗಿದಂತೆ ಸಮವಾಗಿರುತ್ತವೆ. ಅಳತೆಪಟ್ಟಿ ಹಿಡಿದು ಇಂಚುಗಳಲ್ಲಿ ನಡೆಸಬೇಕು. ಆರು ಮುಖದ ದಾಳಗಳಿಂದ ಫಲಿತಾಂಶ ನಿರ್ಣಯವಾಗಬೇಕು. ಗಣಿತ ಕಲಿಸಿದವನಿಗೆ ಇದು ಹಬ್ಬದೂಟ. ಉದಾಹರಣೆಗೆ, ಗುರಿ ತಾಗಲು 3 ಅಥವಾ ಹೆಚ್ಚು ಬೀಳಬೇಕು; ಗಾಯವಾಗಲು 4 ಅಥವಾ ಹೆಚ್ಚು; ಎದುರಾಳಿಯ ಕವಚ ತಡೆಯಲು ಅವನಿಗೆ 4 ಅಥವಾ ಹೆಚ್ಚು. ಹಾಗಾದರೆ 18 ಗುಂಡು ಹಾರಿಸಿದರೆ ಸರಾಸರಿ 12 ತಾಗುತ್ತವೆ, 6 ಗಾಯಗೊಳಿಸುತ್ತವೆ, 3 ಕವಚವನ್ನು ಭೇದಿಸುತ್ತವೆ. ಆರರಲ್ಲೊಂದು! ಭಿನ್ನರಾಶಿಯ ಗುಣಾಕಾರವನ್ನು ಇದಕ್ಕಿಂತ ರುಚಿಯಾಗಿ ಕಲಿಸುವ ಪಾಠವನ್ನು ನಾನು ಕಂಡಿಲ್ಲ.

ಮೊದಲನೆಯ ಸುತ್ತಿನಲ್ಲಿ ನನಗೆ ಎದುರಾದವನು ಒಬ್ಬ ಕಾಲೇಜು ತರುಣ. ಅವನ ಸೇನೆ ನೆಕ್ರಾನ್ ಎಂಬ ಲೋಹದ ಅಸ್ಥಿಪಂಜರಗಳದು. ಬಿದ್ದವರಲ್ಲಿ ಕೆಲವರು ಮತ್ತೆ ಎದ್ದು ನಿಲ್ಲುವುದು ಅವರ ವಿಶೇಷ. ‘ದೇವೀ ಮಹಾತ್ಮೆ’ ಪ್ರಸಂಗದ ರಕ್ತಬೀಜಾಸುರನನ್ನು ಎಷ್ಟೋ ರಾತ್ರಿ ನಿದ್ದೆಗೆಟ್ಟು ನೋಡಿದವನಿಗೆ ಇದು ಅಪರಿಚಿತವೆನಿಸಲಿಲ್ಲ. ಆದರೆ ನನ್ನ ಸೇನೆಯಲ್ಲಿ ದೇವಿಯಿರಲಿಲ್ಲ. ತರುಣನು ಒರಟನಲ್ಲ, ಆದರೆ ಅವನ ಮಾತಿನ ವೇಗ ನನ್ನ ಶಾಲಾ ಇಂಗ್ಲಿಷಿಗೆ ನಿಲುಕಲಿಲ್ಲ. ಏನಾಯಿತೆಂದು ತಿಳಿಯುವ ಮೊದಲೇ ನನ್ನ ಯೋಧರು ಪೆಟ್ಟಿಗೆ ಸೇರುತ್ತಿದ್ದರು. ಎರಡು ಗಂಟೆಗಳ ತರುವಾಯ ಭಾರೀ ಅಂತರದಿಂದ ಸೋತೆ.

ಎರಡನೆಯ ಸುತ್ತಿನ ಎದುರಾಳಿ ನಲವತ್ತು ದಾಟಿದ ಒಬ್ಬ ಮಹಿಳೆ, ವೃತ್ತಿಯಿಂದ ದಾದಿ. ಆಕೆಯದು ಆರ್ಕ್ ಎಂಬ ಹಸುರು ಬಣ್ಣದ ರಕ್ಕಸರ ದಂಡು. ನನ್ನ ಕೈಯಲ್ಲಿದ್ದ ಕಾಗದವನ್ನು ಕಂಡು ಆಕೆ ‘ಇದು ಯಾವ ಲಿಪಿ?’ ಎಂದು ಕೇಳಿದಳು. ನಾನು ಇಂಗ್ಲಿಷಿನಲ್ಲಿ ಪದ ಹುಡುಕುತ್ತಿರುವಾಗಲೇ ಪಕ್ಕದ ಮೇಜಿನಿಂದ ಮೊಮ್ಮಗನು, ‘ಕನ್ನಡ. ನಮ್ಮ ಭಾಷೆ. ಬರೆದದ್ದು ನಾನು’ ಎಂದುಬಿಟ್ಟನು. ‘ದಾಳಿ’ಯನ್ನು ಅವನು ‘ದಾಲಿ’ ಎಂದು ಬರೆದಿದ್ದನು, ನಾನು ತಿದ್ದಿರಲಿಲ್ಲ. ಆ ‘ನಮ್ಮ’ ಎಂಬ ಶಬ್ದವನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸ್ವಲ್ಪ ಹೊತ್ತು ನನಗೆ ದಾಳಗಳು ಕಾಣಿಸಲಿಲ್ಲ.

ಆ ತಾಯಿ ಆಡಿದ ರೀತಿಯನ್ನು ನಾನು ಮರೆಯಲಾರೆ. ನಾನು ಪ್ರತಿ ಸಲ ಒಂದು ತುಕಡಿಯನ್ನು ಮುಟ್ಟಿದಾಗಲೂ ಆಕೆ ತಡೆದು, ‘ನೀವು ಅಲ್ಲಿಗೆ ಹೋದರೆ ನನ್ನವರಿಗೆ ಒಂಬತ್ತು ಇಂಚಿನ ಅಂತರದಲ್ಲಿ ಸಿಗುತ್ತೀರಿ, ಎರಡು ದಾಳಗಳಲ್ಲಿ ನನಗೆ ಒಂಬತ್ತು ಬಿದ್ದರೆ ಮೇಲೆ ಬೀಳುತ್ತೇನೆ. ಗೊತ್ತಿದ್ದೇ ಹೋಗುತ್ತೀರಾ?’ ಎಂದು ನಿಧಾನವಾಗಿ ಕೇಳುತ್ತಿದ್ದಳು. ಮೂವತ್ತಾರರಲ್ಲಿ ಹತ್ತು ಸಾಧ್ಯತೆ ಎಂದು ಲೆಕ್ಕ ಹಾಕಿ ನಾನು ‘ಹೋಗುತ್ತೇನೆ’ ಎನ್ನುತ್ತಿದ್ದೆ. ಅಪಾಯವನ್ನು ಮೊದಲೇ ತಿಳಿಸಿ ನಿರ್ಧಾರವನ್ನು ನನಗೇ ಬಿಡುತ್ತಿದ್ದಳು. ನನ್ನ ಪರವಾಗಿ ತಾನು ಆಡಲಿಲ್ಲ, ಬೇಕೆಂದೇ ಸೋಲಲೂ ಇಲ್ಲ. ಕೊನೆಗೆ ಅಲ್ಪ ಅಂತರದಿಂದ ಆಕೆಯೇ ಗೆದ್ದಳು. ಆದರೆ ಆ ಎರಡು ಗಂಟೆಗಳಲ್ಲಿ ನನಗೆ ಉಳಿದರ್ಧ ಆಟ ಬಂದಿತು.

ಇಲ್ಲಿ ನನ್ನ ಮನಸ್ಸು ಊರಿಗೆ ಹೋಯಿತು. ನಮ್ಮ ತುಳುನಾಡಿನಲ್ಲಿಯೂ ಆಟಿ ತಿಂಗಳಲ್ಲಿ ಚೆನ್ನೆಮಣೆ ಆಡುತ್ತೇವೆ. ಸಿರಿ ಪಾಡ್ದನದಲ್ಲಿ ಅಬ್ಬಗ-ದಾರಗ ಎಂಬ ಅವಳಿ ಸೋದರಿಯರು ಚೆನ್ನೆಯಾಡುತ್ತ ಜಗಳವಾಗಿ, ಒಬ್ಬಳು ಮಣೆಯಿಂದಲೇ ಇನ್ನೊಬ್ಬಳಿಗೆ ಹೊಡೆದು ಕೊಂದು, ದುಃಖ ತಾಳಲಾರದೆ ತಾನೂ ಬಾವಿಗೆ ಹಾರುವ ಕಥೆಯನ್ನು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಸೋಲನ್ನು ಸಹಿಸಲಾರದ ಆಟ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಅದಕ್ಕಿಂತ ದೊಡ್ಡ ಎಚ್ಚರಿಕೆ ಬೇಕಾಗಿಲ್ಲ. ಈ ಸಭಾಂಗಣದಲ್ಲಿ ಸಾವಿರಾರು ಗುಂಡು ಹಾರಿದವು, ನೂರಾರು ಯೋಧರು ಬಿದ್ದರು; ಪ್ರತಿ ಆಟದ ಕೊನೆಗೆ ಇಬ್ಬರೂ ಕೈಕುಲುಕಿ, ಬಿದ್ದವರನ್ನು ಹತ್ತಿಯ ಮೇಲೆ ಮಲಗಿಸುವಂತೆ ಜೋಪಾನವಾಗಿ ಎತ್ತಿಟ್ಟರು.

ಮೂರನೆಯ ಸುತ್ತಿನಲ್ಲಿ ನನಗೆ ಸಿಕ್ಕಿದವನು ಹನ್ನೆರಡರ ಬಾಲಕ. ಅವನಿಗೂ ಅದು ಮೊದಲ ಪಂದ್ಯಾವಳಿ. ಇದು ಆಕಸ್ಮಿಕವಲ್ಲ. ಇಲ್ಲಿ ಸ್ವಿಸ್ ಪದ್ಧತಿಯುಂಟು. 1895ರಲ್ಲಿ ಜ್ಯೂರಿಚ್ ನಗರದ ಚದುರಂಗ ಪಂದ್ಯದಲ್ಲಿ ಮೊದಲು ಬಳಕೆಯಾದ ಈ ಕ್ರಮದಲ್ಲಿ ಸೋತವರನ್ನು ಹೊರಗೆ ಹಾಕುವುದಿಲ್ಲ. ಗೆದ್ದವರಿಗೆ ಗೆದ್ದವರನ್ನೂ, ಸೋತವರಿಗೆ ಸೋತವರನ್ನೂ ಜೋಡಿಸುತ್ತಾರೆ. ಆದುದರಿಂದ ದುರ್ಬಲನಿಗೂ ಕೊನೆಯವರೆಗೆ ಆಟವುಂಟು, ತನಗೆ ಸರಿಸಮಾನನಾದ ಜೊತೆಗಾರನುಂಟು. ಆ ಬಾಲಕನಿಗೆ ನಾನು, ದಾದಿ ನನಗೆ ಹೇಳಿದಂತೆಯೇ, ‘ಅಲ್ಲಿಗೆ ಹೋದರೆ ಇಂಥ ಅಪಾಯ’ ಎಂದು ಮೊದಲೇ ತಿಳಿಸುತ್ತ ಆಡಿದೆ. ಮೇಜಿನಲ್ಲಿ ಗುರುತಿಸಿದ ಐದು ನೆಲೆಗಳನ್ನು ಹಿಡಿದು ನಿಂತವರಿಗೆ ಅಂಕಗಳು. ಎಷ್ಟು ಮಂದಿಯನ್ನು ಕೆಡಹಿದೆವೆಂಬುದು ಅಷ್ಟು ಮುಖ್ಯವಲ್ಲ. ನನ್ನಲ್ಲಿ ಉಳಿದವರು ನಾಲ್ವರೇ ಆದರೂ ಅವರು ತಮ್ಮ ನೆಲೆಯನ್ನು ಬಿಡಲಿಲ್ಲ. ಕೆಲವೇ ಅಂಕಗಳಿಂದ ಗೆದ್ದೆ. ಗಡಿನಾಡಿನವನಿಗೆ ಈ ನಿಯಮವನ್ನು ವಿವರಿಸಬೇಕಾಗಿಲ್ಲವಷ್ಟೆ.

ಇನ್ನೊಂದು ಸಂಗತಿ. ಪ್ರತಿ ಆಟದ ನೂರು ಅಂಕಗಳಲ್ಲಿ ಹತ್ತು ಅಂಕ ಸೇನೆಗೆ ಬಣ್ಣ ಬಳಿದು ತಂದುದಕ್ಕೆ. ಅಂದವಾದ ಬರವಣಿಗೆಗೆ ನಾವು ಕೊಡುತ್ತಿದ್ದ ಅಂಕಗಳೇ ನೆನಪಾದವು. ಕೂದಲೆಳೆಯಂಥ ಕುಂಚದಿಂದ ಮೊಮ್ಮಗನು ಬಳಿದ ಬಣ್ಣದಿಂದ ನನಗೆ ಸಿಕ್ಕಿದ ಆ ಹತ್ತು ಅಂಕಗಳಿಗೆ ನಾನು ವಾರಸುದಾರನಲ್ಲ, ಫಲಾನುಭವಿ ಮಾತ್ರ. ಸಂಜೆ ಹದಿನಾರು ಮಂದಿಯಲ್ಲಿ ನನಗೆ ಹದಿಮೂರನೆಯ ಸ್ಥಾನವೆಂದು ಘೋಷಿಸಿದರು. ಅತ್ಯುತ್ತಮ ಎದುರಾಳಿ ಯಾರೆಂದು ಎಲ್ಲರೂ ಚೀಟಿ ಬರೆದು ಹಾಕಿದೆವು. ಆ ಬಹುಮಾನ ದಾದಿಗೇ ಸಂದಿತು. ಮೊದಲ ಬಹುಮಾನ ಪಡೆದವನಿಗಿಂತ ಆಕೆಗೆ ಬಿದ್ದ ಚಪ್ಪಾಳೆ ಹೆಚ್ಚಾಗಿತ್ತು.

ಪ್ರಿಯ ಹಳೆ ವಿದ್ಯಾರ್ಥಿಗಳೇ, ನಮ್ಮ ಶಾಲೆಗೆ ಬರುವ ಮಗು ಮನೆಯಲ್ಲಿ ಆಡುವ ಭಾಷೆ ತುಳುವಿರಬಹುದು, ಮಲಯಾಳವಿರಬಹುದು, ಕೊಂಕಣಿ, ಮರಾಠಿ, ಬ್ಯಾರಿ ಇರಬಹುದು. ಕನ್ನಡದ ಮಟ್ಟಿಗೆ ಆ ಮಗು ಹೊಸ ಆಟಗಾರ; ನಿಯಮ ತಿಳಿಯದು, ವೇಗ ಹಿಡಿಯದು. ಎದುರಿಗಿರುವ ನಾವು ಮೊದಲ ಸುತ್ತಿನ ತರುಣನಾಗಬಹುದು, ಎರಡನೆಯ ಸುತ್ತಿನ ದಾದಿಯೂ ಆಗಬಹುದು. ಕನ್ನಡ ಉಳಿಯಬೇಕೆಂದು ವೇದಿಕೆಯಲ್ಲಿ ಗುಡುಗುವವರು ಬೇಕು. ಆದರೆ ಮಗುವಿನ ಪಕ್ಕದಲ್ಲಿ ಕುಳಿತು, ತಡೆದು, ನಿಧಾನವಾಗಿ ತಿಳಿಸಿ, ಹೆಜ್ಜೆಯನ್ನು ಅದಕ್ಕೇ ಬಿಡುವವರು ಇನ್ನೂ ಹೆಚ್ಚು ಬೇಕು. ದೂರದೂರುಗಳಲ್ಲಿರುವ ನಿಮ್ಮ ಮಕ್ಕಳು, ಮೊಮ್ಮಕ್ಕಳ ವಿಷಯದಲ್ಲಿಯೂ ಇದೇ ಮಾತು. ಅವರ ಆಟ ಯಾವುದೋ ಅದರೊಳಕ್ಕೆ ನಾವು ಹೊಸಬರಾಗಿ ಹೋಗೋಣ, ಅಕ್ಷರಗಳನ್ನು ಜೊತೆಗೊಯ್ಯೋಣ. ‘ದಾಲಿ’ಯೆಂದು ಬರೆದರೂ ಬರೆಯಲಿ. ‘ಳ’ಕಾರ ಆಮೇಲೆ ಬಂದೀತು.

ಐವತ್ತು ವರ್ಷಗಳ ಕಾಲ ತನ್ನ ನೆಲೆಯನ್ನು ಬಿಡದೆ ನಿಂತ ಈ ವಿದ್ಯಾಲಯಕ್ಕೆ, ಅದನ್ನು ಕಟ್ಟಿದ ಹಿರಿಯರಿಗೆ, ಇಂದು ಅಲ್ಲಿ ಸೀಮೆಸುಣ್ಣ ಹಿಡಿದಿರುವ ಕಿರಿಯ ಅಧ್ಯಾಪಕ ಬಂಧುಗಳಿಗೆ ನನ್ನ ವಂದನೆಗಳು. ಶತಮಾನೋತ್ಸವವನ್ನು ನೋಡಲು ನಾನಿರಲಾರೆ. ಅಂದಿನ ಸಂಚಿಕೆಯನ್ನು ಓದಬಲ್ಲ ಮಕ್ಕಳು ಬೇಕಾದಷ್ಟು ಇರಲಿ.