ಟೆನ್, ಟ್ವೆಂಟಿ, ಥರ್ಟಿ

ಹಳೇ ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆ ಹೊಗೆಯ ಬಣ್ಣ ಓದಲು ಬರಬೇಕು. ಕಪ್ಪು ಹೊಗೆಯಾದರೆ ಏರ್ ಕ್ಲೀನರ್ ಕಟ್ಟಿರಬಹುದು, ಇಲ್ಲವೇ ನಾಝಲ್ ಸರಿಯಾಗಿ ಸಿಂಪಡಿಸುತ್ತಿಲ್ಲ. ನೀಲಿ ಹೊಗೆ ಬಿಡದೆ ಬಂದು, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ದಿನದಿನಕ್ಕೆ ಕೆಳಗಿಳಿದು, ಬ್ರೀದರ್ ಪೈಪೂ ಹಬೆಯಾಡತೊಡಗಿದರೆ ಎಂಜಿನ್ ಬೋರಿಗೆ, ಅಂದರೆ ಪೂರಾ ಬಿಚ್ಚಿ ಕಟ್ಟುವ ಕೆಲಸಕ್ಕೆ, ಬಂದಿದೆ ಎಂದೇ ಲೆಕ್ಕ. ಖರ್ಚಿನ ಮಾತು, ಮನೆಯವರ ಮುಖ ಸಣ್ಣದಾಗುತ್ತದೆ. ನನಗೋ, ಮೇಸ್ತ್ರಿಯ ಶೆಡ್ಡಿನಲ್ಲಿ ಸ್ಟೂಲು ಹಾಕಿಕೊಂಡು ಕೂರುವ ದಿನಗಳು ಬಂದವಲ್ಲ ಎಂಬ ಸಡಗರ.

ನಮ್ಮ ಕಡೆ ಇನ್ನೂ ದುಡಿಯುತ್ತಿರುವ ಹಳೆಯ ಮ್ಯಾಸಿ 1035ರ ಎಂಜಿನ್ ಚೆನ್ನೈನ ಸಿಂಪ್ಸನ್‌ನದು. ಬೇರು ಮಾತ್ರ ಇಂಗ್ಲೆಂಡಿನ ಪರ್ಕಿನ್ಸ್‌ನದು. ಅಲ್ಲಿ 1959ರ ಕೊನೆಗೆ ಮ್ಯಾಸಿ ಫರ್ಗ್ಯೂಸನ್ 35ಕ್ಕೆ ಕೂರಿಸಿದ 3.152 ಎಂಜಿನ್ನಿಗೆ ಮೂರು ಸಿಲಿಂಡರು, 152 ಘನ ಅಂಗುಲ, ಅಂದರೆ ಸುಮಾರು ಎರಡೂವರೆ ಲೀಟರಿನ ಅಳತೆ. ನಮ್ಮ 1035ರದ್ದೂ ಅದೇ ವಂಶ.

ಎಂಜಿನ್ ಬಿಚ್ಚಿದ ಮೇಲೆ ಕ್ರ್ಯಾಂಕು ಗ್ರೈಂಡಿಂಗಿಗೆ ಹೋಗುತ್ತದೆ. ಸವೆದ ಜರ್ನಲನ್ನು ಅಂಗುಲದ ಸಾವಿರದ ಲೆಕ್ಕದಲ್ಲಿ ಹತ್ತು ಇಳಿಸಿದರೆ ಅದಕ್ಕೆ ಒಪ್ಪುವ ‘ಟೆನ್’ ಬೇರಿಂಗ್ ಅಂಗಡಿಯಲ್ಲಿ ಸಿಗುತ್ತದೆ. ಮುಂದಿನ ಸಲ ಟ್ವೆಂಟಿ, ಅದರಾಚೆಗೆ ಥರ್ಟಿ. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಇದೇ. ಇದನ್ನು ರೂಪಿಸಿದವರು ಎಂಜಿನ್ ಸವೆದೇ ಸವೆಯುತ್ತದೆಂದು ಒಪ್ಪಿಕೊಂಡು, ಮುಂದೆ ಬರಲಿರುವ ರಿಪೇರಿಗಳಿಗೂ ಮೊದಲೇ ಜಾಗ ಬಿಟ್ಟಿದ್ದಾರೆ. ಎಂದೂ ಕಾಣದ ಯಾವುದೋ ಊರಿನ ಮೇಸ್ತ್ರಿಯ ಕೈಯನ್ನು ನಂಬಿದ್ದಾರೆ. ಸಿಲಿಂಡರಿನೊಳಗಿನ ಲೈನರಿಗೂ ಅದೇ ನ್ಯಾಯ. ಸವೆದದ್ದನ್ನು ಪ್ರೆಸ್ಸಿನಲ್ಲಿ ಒತ್ತಿ ತೆಗೆದು ಹೊಸದನ್ನು ಕೂರಿಸುತ್ತಾರೆ, ಬ್ಲಾಕು ಹಳೆಯದೇ ಉಳಿಯುತ್ತದೆ.

ನೋಡಿದಷ್ಟೂ ಸಾಲದೆನಿಸುವುದು ವಾಲ್ವ್ ಮಸೆಯುವ ಕೆಲಸ. ವಾಲ್ವಿನ ತಲೆಗೆ ರಬ್ಬರ್ ಕಪ್ಪಿನ ಕಡ್ಡಿ ಅಂಟಿಸಿ, ಅಂಚಿಗೆ ಗ್ರೈಂಡಿಂಗ್ ಪೇಸ್ಟ್ ಸವರಿ, ಕಡ್ಡಿಯನ್ನು ಎರಡು ಅಂಗೈ ನಡುವೆ ಮಜ್ಜಿಗೆ ಕಡೆದ ಹಾಗೆ ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತಾರೆ. ಮೊದಲು ಕರಕರ ಸದ್ದು. ಪೇಸ್ಟ್ ನುಣ್ಣಗಾದಂತೆ ಸದ್ದೂ ತೆಳುವಾಗುತ್ತದೆ. ಒರೆಸಿ ನೋಡಿದರೆ ಸೀಟಿನ ಸುತ್ತ ಎಲ್ಲೂ ತುಂಡಾಗದ ಬೂದು ಬಣ್ಣದ ಪಟ್ಟಿ ಮೂಡಿರಬೇಕು. ವಾಲ್ವ್ ಜೋಡಿಸಿ, ಪೋರ್ಟಿಗೆ ಡೀಸೆಲ್ ಸುರಿದು ಬಿಟ್ಟು ಬೀಡಿ ಹಚ್ಚುತ್ತಾರೆ ನಮ್ಮ ಮೇಸ್ತ್ರಿ. ಕೆಳಗೆ ಒದ್ದೆ ಕಂಡರೆ ಮತ್ತೆ ಮೊದಲಿಂದ. ಬೇಸರದ ಒಂದು ಮಾತು ಅವರ ಬಾಯಿಂದ ಬಂದದ್ದನ್ನು ಕೇಳಿಲ್ಲ.

ಆಮೇಲೆ ಟ್ಯಾಪೆಟ್ಟಿನ ಸಂದು, ಎಂಜಿನ್ ತಣ್ಣಗಿದ್ದಾಗ ಅಂಗುಲದ ಸಾವಿರದ ಲೆಕ್ಕದಲ್ಲಿ ಹನ್ನೆರಡು. ಫೀಲರ್ ಬ್ಲೇಡು ಸಲೀಸಾಗಿ ಜಾರಲೂಬಾರದು, ಸಿಕ್ಕಿಕೊಳ್ಳಲೂಬಾರದು.

ಇಷ್ಟು ಮುತುವರ್ಜಿಯಿಂದ ಕಟ್ಟಿದ್ದನ್ನು ತಿಂದುಹಾಕುವುದು ಧೂಳು. ರಾಗಿ ಒಕ್ಕಣೆಯ ಕಣದಲ್ಲಿ ಎಂಜಿನ್ ದಿನವಿಡೀ ಅದನ್ನೇ ಉಸಿರಾಡುತ್ತದೆ. ಏರ್ ಕ್ಲೀನರಿನ ಬಟ್ಟಲಲ್ಲಿರುವ ಆಯಿಲಿಗೆ ಗಾಳಿ ಬಡಿದು ತಿರುಗುವಾಗ ಧೂಳು ಅಲ್ಲೇ ಉಳಿಯುತ್ತದೆ. ತಳದಲ್ಲಿ ಕೂತ ಕೆಸರನ್ನು ಬೆರಳಿಂದ ಬಳಿದು ತೆಗೆಯಬಹುದು. ಒಕ್ಕಣೆಯ ದಿನಗಳಲ್ಲಿ ಇದನ್ನು ಬೆಳಿಗ್ಗೆ ಬೆಳಿಗ್ಗೆಯೇ ಬಿಚ್ಚಿ ನೋಡದವರಿಗೆ ಎಂಜಿನ್ ಕೆಲಸ ಮಾಡಿಕೊಡಬಾರದೆಂಬುದು ಮೇಸ್ತ್ರಿಯ ಹಟ, ನನ್ನದೂ ಅದೇ. ಹೊಸ ಆಯಿಲು ಗೆರೆಯ ಮಟ್ಟಕ್ಕಷ್ಟೇ ಇರಬೇಕು, ಮೀರಿದರೆ ಎಂಜಿನ್ ಅದನ್ನೂ ಎಳೆದುಕೊಳ್ಳುತ್ತದೆ. ಅಲ್ಲಿಂದ ಮುಂದಿನ ರಬ್ಬರ್ ಹೋಸನ್ನೂ ಬಗ್ಗಿಸಿ ನೋಡಬೇಕು. ಎಲ್ಲಾದರೂ ಸೀಳಿದ್ದರೆ, ಕ್ಲಿಪ್ಪು ಸಡಿಲವಿದ್ದರೆ, ಬಟ್ಟಲು ಎಷ್ಟು ಚೊಕ್ಕಟವಿದ್ದರೂ ಧೂಳು ನೇರ ಹೊಸ ಲೈನರಿಗೇ ಇಳಿಯುತ್ತದೆ.